ಖಂಡೆ ಪೂಜೆಯ ಖಂಡೆ

ಆಯುಧ ಪೂಜೆಯ ಹಿಂದಿನ ದಿನ ನಮ್ಮ ಆಫೀಸಿನಲ್ಲಿ ಲ್ಯಾಪ್‌ಟಾಪ್‌ಗಳಿಗೆ ಕುಂಕುಮ ಇಡುವ ಕಾರ್ಯಕ್ರಮ ಇರುತ್ತೆ. ಸರ್ವರ್ ರೂಮಿನ ಬಾಗಿಲಿಗೆ ಬಾಳೆಕಂದು, ಕಾಫಿ ಮಷಿನ್ನಿಗೂ ಒಂದು ಸೇವಂತಿಗೆ ಹಾರ. ಹೋದ ವರ್ಷ ನನ್ನ ಟೀಮಿನ ಹುಡುಗನೊಬ್ಬ ಆನ್‌ಲೈನ್‌ನಲ್ಲಿ ತರಿಸಿದ ಜಪಾನಿ ಕಟಾನಾ ಒಂದನ್ನು ತಂದು ಪೂಜೆಯ ಮೇಜಿನ ಮೇಲಿಟ್ಟ. ಅಲಗಿನ ತುಂಬ ಅಲೆ ಅಲೆಯಾದ ಗೆರೆಗಳು. 'ಒರಿಜಿನಲ್ ಡಮಾಸ್ಕಸ್ ಸ್ಟೀಲ್' ಅಂತ ಪೆಟ್ಟಿಗೆಯ ಮೇಲೆ ಬರೆದಿತ್ತು. ಉಗುರಿನಲ್ಲಿ ಕೆರೆದು ನೋಡಿದೆ. ಗೆರೆಗಳು ಮೇಲುಮೇಲಿನ ಅಚ್ಚು. ಅವನಿಗೆ ಹೇಳಲಿಲ್ಲ. ಹೇಳುವ ಯೋಗ್ಯತೆ ನನಗೂ ಇರಲಿಲ್ಲ ಅನ್ನಿ. ಯಾಕೆ ಅನ್ನೋದು ಮುಂದೆ ಬರುತ್ತೆ.

ನಮ್ಮ ರಾಯಚೂರು ಕಡೆ ಆಯುಧ ಪೂಜೆ ಅನ್ನೋ ಮಾತು ಕಡಿಮೆ. ಮಾನೌಮಿಗೆ 'ಖಂಡೆ ಪೂಜೆ' ಮಾಡ್ತೀವಿ ಅಂತಾರೆ. ಕುಡುಗೋಲು, ಕೊಡಲಿ, ಟ್ರ್ಯಾಕ್ಟರು, ತಕ್ಕಡಿ ಎಲ್ಲವೂ ಅವತ್ತು ಖಂಡೆಯೇ. ನನ್ನ ತಾಯಿಯ ತವರು ದೇವಸುಗೂರು. ಒಂದು ಕಡೆ ಶಕ್ತಿನಗರದ ಚಿಮಣಿಗಳು, ಇನ್ನೊಂದು ಕಡೆ ಕೃಷ್ಣೆ, ನಡುವೆ ಸೂಗೂರೇಶ್ವರನ ಗುಡಿ. ಸೂಗೂರೇಶ್ವರ ಅಂದರೆ ವೀರಭದ್ರ. ಹಾಗಾಗಿ ಊರಲ್ಲಿ ಕತ್ತಿಯ ಮಾತು ಬರೀ ಹಬ್ಬದ ಮಾತಲ್ಲ. ಜಾತ್ರೆಯಲ್ಲಿ ಪುರವಂತರು ಖಡ್ಗ ಝಳಪಿಸಿ ಒಡಪು ಹೇಳುವಾಗ ಮಕ್ಕಳೆಲ್ಲ ಅಜ್ಜಿಯರ ಸೆರಗಿನ ಹಿಂದೆ ಸೇರಿಕೊಳ್ಳುತ್ತಿದ್ದೆವು. ಅಜ್ಜನ ಮನೆಯ ದೇವರ ಜಗಲಿಯ ಮೇಲೆ ಮಾತ್ರ ನಿಜವಾದ ಒಂದು ಖಂಡೆ ಇತ್ತು. ನೆಟ್ಟಗಿನ ಅಲಗು, ತುದಿಯ ಕಡೆ ಸ್ವಲ್ಪ ಅಗಲ, ಬೆರಳು ಮುಚ್ಚುವ ಕಬ್ಬಿಣದ ಹಿಡಿ. ಯಾರದು, ಯಾವ ಕಾಲದ್ದು, ಯಾರಿಗೂ ಗೊತ್ತಿರಲಿಲ್ಲ. ಮಾನೌಮಿಯ ದಿನ ತುದಿಗೆ ನಿಂಬೆಹಣ್ಣು ಚುಚ್ಚುತ್ತಿದ್ದರು. ರಸ ಇಳಿದ ಜಾಗದಲ್ಲಿ ಅಲಗು ಕಪ್ಪಾಗಿ, ಅದರೊಳಗೆ ತೆಳ್ಳನೆಯ ನೀರಿನ ಗೆರೆಗಳು ಕಾಣುತ್ತಿದ್ದವು ಅಂತ ನನ್ನ ನೆನಪು.

ಈ ನೆನಪು ಎಷ್ಟು ನಿಜ ಅನ್ನೋದೇ ಈಗ ನನ್ನ ತಕರಾರು. ಅದಕ್ಕಿಂತ ಮೊದಲು ಕತ್ತಿಯ ಕತೆ.

ಜಪಾನಿನಿಂದಲೇ ಶುರು ಮಾಡೋಣ, ಅದು ಎಲ್ಲರಿಗೂ ಗೊತ್ತಿರುವ ಕತ್ತಿ. ಕಟಾನಾ ಮೊದಲಿನಿಂದ ಬಾಗಿದ್ದಲ್ಲ. ಚೀನಾ, ಕೊರಿಯಾ ಕಡೆಯಿಂದ ಬಂದ ಹಳೆಯ ಮಾದರಿ ನೆಟ್ಟಗಿತ್ತು. ಸುಮಾರು 10ನೇ ಶತಮಾನದ ಹೊತ್ತಿಗೆ ಕುದುರೆ ಮೇಲೆ ಕೂತು ಹೊಡೆದಾಡುವ ಯೋಧರಿಗೆ ಬಾಗಿದ ಅಲಗು ಹೊಂದಿತು. ಅಲಗಿನ ಬೆನ್ನಿಗೆ ದಪ್ಪಗೆ, ಬಾಯಿಗೆ ತೆಳ್ಳಗೆ ಜೇಡಿಮಣ್ಣು ಮೆತ್ತಿ ಕಾಯಿಸಿ ನೀರಿಗದ್ದಿದರೆ ಬಾಯಿ ಗಡುಸಾಗುತ್ತೆ, ಬೆನ್ನು ಮೆತ್ತಗೆ ಉಳಿಯುತ್ತೆ, ಆ ಎಳೆತದಲ್ಲಿ ಅಲಗು ಇನ್ನಷ್ಟು ಬಾಗುತ್ತೆ. ಆಮೇಲೆ ನೆಲದ ಮೇಲಿನ ಕಾದಾಟ ಹೆಚ್ಚಾದಾಗ ಕತ್ತಿ ಗಿಡ್ಡವಾಯಿತು, ಸೊಂಟದಲ್ಲಿ ಬಾಯಿ ಮೇಲೆ ಮಾಡಿ ಸಿಕ್ಕಿಸಿಕೊಳ್ಳುವುದು ಬಂತು. ಕತ್ತಿಯ ಆಕಾರ ಅನ್ನೋದು ಯಾರೋ ಕಲಾವಿದ ಕೂತು ಬರೆದ ಚಿತ್ರ ಅಲ್ಲ. ಯಾರು, ಎಲ್ಲಿ ನಿಂತು, ಯಾರನ್ನು, ಯಾವ ಕವಚದ ಮೇಲೆ ಹೊಡೆಯಬೇಕು ಅನ್ನೋ ಲೆಕ್ಕ.

ಅದೇ ಲೆಕ್ಕ ನಮ್ಮಲ್ಲೂ ನಡೆದಿದೆ. ನೋಡಬೇಕಾದರೆ ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿನಲ್ಲಿ ಬೇಗೂರಿನಿಂದ ತಂದ ಗಂಗರ ಕಾಲದ ದೊಡ್ಡ ವೀರಗಲ್ಲು ಇದೆ. ತುಂಬೆಪಾಡಿಯ ಕಾಳಗದಲ್ಲಿ ಸತ್ತ ನಾಗತ್ತರನ ಕಲ್ಲು, ಸುಮಾರು 1,100 ವರ್ಷ ಹಳೆಯದು. ಆನೆ, ಕುದುರೆ, ಕಾಲಾಳು ಎಲ್ಲ ಒಂದರ ಮೇಲೊಂದು ಬಿದ್ದ ಗದ್ದಲ. ನಮ್ಮ ವೀರಗಲ್ಲುಗಳನ್ನು ಸಾಲಾಗಿ ನೋಡುತ್ತಾ ಹೋದರೆ ಹಳೆಯ ಕತ್ತಿಗಳು ಹೆಚ್ಚಾಗಿ ಗಿಡ್ಡ, ಅಗಲ, ಒಂದು ಕೈಯದು. ಇನ್ನೊಂದು ಕೈಯಲ್ಲಿ ಗುರಾಣಿ. ಹಿಡಿಯಲ್ಲಿ ಬೆರಳಿಗೆ ಅಂಥ ರಕ್ಷಣೆ ಇಲ್ಲ. ಏಟು ತಡೆಯೋದು ಗುರಾಣಿಯ ಕೆಲಸ, ಕಡಿಯೋದಷ್ಟೇ ಕತ್ತಿಯ ಕೆಲಸ. ಕೆಲವು ಅಲಗುಗಳು ಕುಡುಗೋಲಿನ ಹಾಗೆ ಮುಂದಕ್ಕೆ ಬಾಗಿರುತ್ತವೆ. ಆ ಜಾತಿ ಇವತ್ತಿಗೂ ಬದುಕಿರೋದು ಕೊಡಗಿನಲ್ಲಿ. ಬೆನ್ನ ಹಿಂದಿನ ತೊಡಂಗಿಗೆ ಸಿಕ್ಕಿಸಿಕೊಳ್ಳುವ ಒಡಿಕತ್ತಿಯಲ್ಲಿ ಮದುವೆಗೆ ಬಾಳೆಕಂದು ಕಡಿಯುತ್ತಾರಲ್ಲ, ಅದು. ಭಾರವೆಲ್ಲ ಮುಂದಿದ್ದರೆ ಏಟಿನ ಜೋರು ಹೆಚ್ಚು. ಕಾಡು ಸವರುವವನಿಗೂ ಅದೇ ಬೇಕು, ಯುದ್ಧಕ್ಕೆ ಹೋದವನಿಗೂ ಅದೇ ಬೇಕು.

14ನೇ ಶತಮಾನದಿಂದ ನಮ್ಮ ಕಡೆ ಚಿತ್ರ ಬದಲಾಗುತ್ತೆ. ಉತ್ತರಕ್ಕೆ ಬಹಮನಿಗಳು, ದಕ್ಷಿಣಕ್ಕೆ ವಿಜಯನಗರ, ನಡುವೆ ಕೃಷ್ಣಾ ತುಂಗಭದ್ರೆಯ ನಡುವಿನ ನಮ್ಮ ರಾಯಚೂರು ದೋಆಬು. ಇನ್ನೂರು ವರ್ಷ ಇವರ ಕೈ ಅವರ ಕೈ ಅಂತ ಈ ನೆಲ ಓಡಾಡಿತು. ಕುದುರೆ ದಂಡು ದೊಡ್ಡದಾಯಿತು. ಅರಬ್ಬಿ ಕುದುರೆಗಾಗಿ ವಿಜಯನಗರ ಪೋರ್ಚುಗೀಸರ ಬಾಗಿಲು ಕಾಯುವಷ್ಟು. ಇರಾನಿನಿಂದ, ತುರ್ಕಿಯಿಂದ ಬಂದ ಸರದಾರರ ಜೊತೆ ಬಾಗಿದ ಶಂಶೇರು ಬಂತು. ಓಡುವ ಕುದುರೆ ಮೇಲಿಂದ ಬೀಸಿದರೆ ನೆಟ್ಟನೆಯ ಕತ್ತಿ ಸಿಕ್ಕಿಕೊಳ್ಳುವ ಸಂಭವ, ಬಾಗಿದ್ದು ಜಾರಿಕೊಂಡು ಸೀಳುತ್ತೆ. ಹಾಗಂತ ನೆಟ್ಟನೆಯ ಕತ್ತಿ ಸಾಯಲಿಲ್ಲ. ಇಲ್ಲೇ ನಮ್ಮ ದಖ್ಖನ್ನಿನ ಹಟ ಕಾಣೋದು. ಉತ್ತರದಲ್ಲಿ ಮೊಗಲರ ತಲ್ವಾರ್ ಎಲ್ಲವನ್ನೂ ನುಂಗಿ ಹಾಕಿದಾಗಲೂ ಇಲ್ಲಿ ಖಂಡೆ ಉಳಿಯಿತು, ಬರೀ ಉಳಿಯಲಿಲ್ಲ, ಬೆಳೆಯಿತು. ತೆಳ್ಳಗಿನ ಉದ್ದ ಅಲಗು ಬಳುಕದಿರಲಿ ಅಂತ ಅಂಚಿನುದ್ದಕ್ಕೂ ಆಸರೆಪಟ್ಟಿ ಕೂಡಿಸಿದರು. ಬೆರಳು ಕಾಯುವುದಕ್ಕೆ ಅಗಲವಾದ ತಗಡಿನ ಕಾಪು, ಒಳಗೆ ಮೆತ್ತೆ. ಹಿಡಿಯ ತಲೆಯಲ್ಲಿ ಒಂದು ಗೂಟ. ಆ ಗೂಟ ಅಲಂಕಾರಕ್ಕೆ ಅಂತ ನಾನು ಚಿಕ್ಕಂದಿನಲ್ಲಿ ತಿಳಿದಿದ್ದೆ. ಅಲ್ಲ. ಜೋರು ಏಟು ಹಾಕಬೇಕಾದಾಗ ಎರಡನೇ ಕೈಗೆ ಹಿಡಿ ಅದು.

1520ರ ಮೇ 19ರಂದು ಕೃಷ್ಣದೇವರಾಯನಿಗೂ ಇಸ್ಮಾಯಿಲ್ ಆದಿಲ್ ಶಾಹಿಗೂ ರಾಯಚೂರು ಯುದ್ಧ ಆಯಿತು. ಸೋತ ದಂಡು ಕೃಷ್ಣೆಯನ್ನು ದಾಟಲು ಹೋಗಿ ನೀರುಪಾಲಾಯಿತು. ಪೋರ್ಚುಗೀಸ್ ವ್ಯಾಪಾರಿ ಫೆರ್ನಾವ್ ನೂನಿಜ್ ಇದನ್ನು ಬರೆದಿಟ್ಟಿದ್ದಾನೆ. ರಾಯನ ಕಾಲಾಳು ಏಳು ಲಕ್ಷಕ್ಕೂ ಮೇಲೆ ಅನ್ನುತ್ತಾನೆ. ಅಷ್ಟು ಜನಕ್ಕೆ ದೋಆಬಿನ ಮೇ ತಿಂಗಳಲ್ಲಿ ಕುಡಿಯುವ ನೀರು ಎಲ್ಲಿತ್ತಪ್ಪಾ ಅಂತ ರಾಯಚೂರಿನಲ್ಲಿ ಒಂದು ಬೇಸಿಗೆ ಕಳೆದವರು ಯಾರೂ ಕೇಳುತ್ತಾರೆ, ಅದಿರಲಿ. ಮುಖ್ಯ ಏನಂದರೆ, ತೋಪು ಹೆಚ್ಚಿದ್ದ ಆದಿಲ್‌ಶಾಹಿಗಳು ಬಯಲಲ್ಲಿ ಸೋತರು. ಆಮೇಲೆ ಕೋಟೆಗೆ ಮುತ್ತಿಗೆ ಹಾಕಿದಾಗ ಕ್ರಿಸ್ಟೊವಾವ್ ಡಿ ಫಿಗೆರೆದೊ ಮತ್ತು ಅವನ ಜೊತೆಯ ಇಪ್ಪತ್ತು ಜನ ಪೋರ್ಚುಗೀಸರು ಬಂದೂಕಿನಿಂದ ಗೋಡೆಯ ಮೇಲಿನ ಕಾವಲುಗಾರರನ್ನು ಒಬ್ಬೊಬ್ಬರನ್ನಾಗಿ ಉರುಳಿಸಿ ಆಟವನ್ನೇ ತಿರುಗಿಸಿದರು. ಕತ್ತಿಗೆ ಮುಂದೇನು ಕಾದಿದೆ ಅನ್ನೋದು ಆ ಗೋಡೆಯ ಕೆಳಗೇ ಗೊತ್ತಾಗಬೇಕಿತ್ತು. ಗೊತ್ತಾಗಲಿಲ್ಲ. ಕತ್ತಿಯ ಒಳ್ಳೆಯ ಕಾಲ ಇನ್ನೂ ಮುಂದಿತ್ತು.

ಅದೇ ಪೋರ್ಚುಗೀಸರ ಹಡಗುಗಳಲ್ಲಿ ಯುರೋಪಿನ ಅಲಗುಗಳೂ ಗೋವೆಗೆ ಇಳಿದವು. ಉದ್ದ, ಹಗುರ, ನೆಟ್ಟಗಿನವು. ದಖ್ಖನ್ನಿನ ಕಂಬಾರರು ಹಿಡಿಯನ್ನು ಕಿತ್ತು ಎಸೆದು ಖಂಡೆಯ ಹಿಡಿ ಕೂಡಿಸಿದರು. ಹೆಸರು 'ಫಿರಂಗಿ' ಆಯಿತು. ನಾವು ತೋಪಿಗೆ ಫಿರಂಗಿ ಅಂತೀವಿ, ಮರಾಠರಲ್ಲಿ, ದಖ್ಖನ್ನಿನಲ್ಲಿ ಫಿರಂಗಿ ಅಂದರೆ ಕತ್ತಿಯೂ ಹೌದು. ಜರ್ಮನಿಯ ಅಲಗು ಹಾಕಿದ್ದಕ್ಕೆ 'ಅಲೆಮಾನಿ' ಅಂತ ಬೇರೆ ಹೆಸರು. ಫಾರಿನ್ ಮಾಲಿಗೆ ಬೇಡಿಕೆ ಎಷ್ಟಿತ್ತೆಂದರೆ ನಮ್ಮವರೇ ಅಲಗು ಮಾಡಿ ಅದರ ಮೇಲೆ ಇಟಲಿಯ ಜಿನೋವಾದ ಮುದ್ರೆಯನ್ನು ಕಳ್ಳತನದಿಂದ ಒತ್ತುತ್ತಿದ್ದರು. ಎಸ್‌ಪಿ ರೋಡಿನ 'ಫಸ್ಟ್ ಕಾಪಿ'ಗೆ ಎಷ್ಟು ದೊಡ್ಡ ಪರಂಪರೆ ಇದೆ ನೋಡಿ. 2023ರ ಮೇನಲ್ಲಿ ಲಂಡನ್ನಿನ ಬಾನಮ್ಸ್ ಹರಾಜಿನಲ್ಲಿ 1.4 ಕೋಟಿ ಪೌಂಡಿಗೆ ಹೋದ ಟಿಪ್ಪುವಿನ ಕತ್ತಿಯ ಅಲಗೂ ಜರ್ಮನ್ ಮಾದರಿಯನ್ನು ಅನುಸರಿಸಿದ್ದು ಅಂತ ಹರಾಜಿನವರೇ ಹೇಳಿದ್ದರು.

ಇದರಲ್ಲಿ ಒಂದು ತಮಾಷೆ ಇದೆ, ಅಥವಾ ಸಂಕಟ ಅನ್ನಿ. ನಾವು ಯುರೋಪಿನ ಅಲಗಿಗೆ ಹಂಬಲಿಸುತ್ತಿದ್ದ ಕಾಲಕ್ಕೇ ಹೊರಗಿನವರು ನಮ್ಮ ಉಕ್ಕಿಗೆ ಸಾಲು ನಿಂತಿದ್ದರು. ಒಳ್ಳೆಯ ಕತ್ತಿಗೆ ಅರಬ್ಬಿಯಲ್ಲಿ 'ಮುಹನ್ನದ್' ಅನ್ನುವ ಮಾತಿದೆ, ಅಂದರೆ ಹಿಂದ್ ದೇಶದ್ದು. 9ನೇ ಶತಮಾನದಲ್ಲಿ ಬಾಗ್ದಾದಿನ ಪಂಡಿತ ಅಲ್ ಕಿಂದಿ ಕತ್ತಿಗಳ ಮೇಲೆಯೇ ಒಂದು ಪುಸ್ತಕ ಬರೆದು ಯಾವ ಊರಿನ ಉಕ್ಕು ಹೇಗೆ ಅಂತ ವಿಂಗಡಿಸಿದ್ದ. 17ನೇ ಶತಮಾನದಲ್ಲಿ ತಾವೆರ್ನಿಯೆ, ಗೆರೆ ಮೂಡುವ ಕತ್ತಿಗೆ ಆಗೋದು ಗೋಲ್ಕೊಂಡ ರಾಜ್ಯದ ಉಕ್ಕು ಮಾತ್ರ, ಬನ್ನಿನಷ್ಟು ದೊಡ್ಡ ಗಟ್ಟಿಗಳಾಗಿ ಬರುತ್ತೆ ಅಂತ ಬರೆದ. ಗೋಲ್ಕೊಂಡ ಅಂದರೆ ದೇವಸುಗೂರಿನ ಸೇತುವೆ ದಾಟಿದರೆ ಸಿಗುವ ಸೀಮೆ. 1795ರಲ್ಲಿ ಜಾರ್ಜ್ ಪಿಯರ್ಸನ್ ಅನ್ನುವ ವೈದ್ಯ ಮುಂಬೈಯಿಂದ ಬಂದ ಗಟ್ಟಿಗಳನ್ನು ಪರೀಕ್ಷಿಸಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಪ್ರಬಂಧ ಓದಿದ. ಅದರಲ್ಲಿ ಆ ಲೋಹದ ಹೆಸರು 'ವೂಟ್ಸ್'. ಅದು ಕನ್ನಡದ 'ಉಕ್ಕು' ಕೇಳುವವರ ಕಿವಿಯಲ್ಲೋ ಬರೆಯುವವರ ಕೈಯಲ್ಲೋ ಕೆಟ್ಟು ಆದದ್ದು ಅನ್ನೋದು ಹೆಚ್ಚು ಜನ ಒಪ್ಪುವ ಮಾತು. ತಮಿಳು, ಮಲಯಾಳದ 'ಉರುಕ್ಕು' ಕಡೆಗೆ ಬೆರಳು ತೋರಿಸುವವರೂ ಇದ್ದಾರೆ. ಹಾಲು ಉಕ್ಕುತ್ತೆ ಅಂತೀವಲ್ಲ, ಆ ಉಕ್ಕಿಗೂ ಇದಕ್ಕೂ ನಂಟಿದೆ ಅನ್ನುವವರೂ ಇದ್ದಾರೆ. ಮೈಕೇಲ್ ಫ್ಯಾರಡೆ, ಹೌದು, ಪಿಯುಸಿಯಲ್ಲಿ ನಮ್ಮನ್ನು ಗೋಳಾಡಿಸಿದ ಅದೇ ಫ್ಯಾರಡೆ, ಚಾಕು ಮಾಡುವ ಸ್ಟೋಡಾರ್ಟ್ ಜೊತೆ ಸೇರಿ 1820ರ ಆಸುಪಾಸಿನಲ್ಲಿ ಈ ಉಕ್ಕನ್ನು ತನ್ನ ಲ್ಯಾಬಿನಲ್ಲಿ ಮಾಡಲು ಒದ್ದಾಡಿದ.

ಲಂಡನ್ನಿನ ಲ್ಯಾಬು ತಿಣುಕಾಡಿದ್ದನ್ನು ನಮ್ಮ ಕಡೆ ಹಳ್ಳಿಯ ಕುಲುಮೆಯಲ್ಲಿ ಮಾಡುತ್ತಿದ್ದರು. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಕಣ್ಣಾರೆ ಕಂಡು ಬರೆದಿದ್ದಾನೆ. ಭತ್ತದ ಹೊಟ್ಟು ಬೆರೆಸಿದ ಮಣ್ಣಿನ ಮೂಸೆ. ಅದರೊಳಗೆ ಮೆದು ಕಬ್ಬಿಣದ ತುಂಡು, ಜೊತೆಗೆ ತಂಗಡಿ ಗಿಡದ ಕಡ್ಡಿ, ಮೇಲೆ ಹಸಿ ಎಲೆ. ಬಾಯಿಗೆ ಮಣ್ಣು ಮೆತ್ತಿ ಮುಚ್ಚಿ, ಇದ್ದಲಿನ ಒಲೆಯಲ್ಲಿ ಜೋಡಿಸಿ, ಗಂಟೆಗಟ್ಟಲೆ ತಿದಿ ಒತ್ತುವುದು. ಕಡ್ಡಿ ಎಲೆಗಳ ಇಂಗಾಲ ಕಬ್ಬಿಣದೊಳಗೆ ಇಳಿಯುತ್ತೆ. ಇಂಗಾಲ ಕುಡಿದಷ್ಟೂ ಕಬ್ಬಿಣ ಕರಗುವ ಶಾಖ ಕೆಳಗಿಳಿಯುತ್ತೆ, ಕಡೆಗೆ ಮೂಸೆಯೊಳಗೆ ಎಲ್ಲ ನೀರಾಗುತ್ತೆ. ಮೂಸೆಯನ್ನು ಅಲುಗಾಡಿಸಿದರೆ ಕುಲುಕುವ ಸದ್ದಿನಲ್ಲೇ ಆಯಿತೋ ಇಲ್ಲವೋ ತಿಳಿಯಬೇಕು. ಆಮೇಲೆ ನಿಧಾನಕ್ಕೆ ಆರಬೇಕು. ತಂಗಡಿ ಅಂದರೆ ಹಳೇ ಮೈಸೂರಿನವರ ಆವರಿಕೆ. ರಾಯಚೂರು ರಸ್ತೆಯ ಇಕ್ಕೆಲದಲ್ಲಿ ಹಳದಿ ಹೂ ಬಿಟ್ಟು ನಿಂತಿರುತ್ತಲ್ಲ, ಅದೇ. ನಿಜಾಮಾಬಾದ್ ಕಡೆಯ ಕೋನಸಮುದ್ರಂನಲ್ಲಿ ಎರಡು ಬೇರೆ ಬೇರೆ ಊರಿನ ಕಬ್ಬಿಣ ಬೆರೆಸಿ ಇದೇ ಕೆಲಸ ಮಾಡುತ್ತಿದ್ದುದನ್ನು, ಅದನ್ನು ಕೊಳ್ಳಲು ಇರಾನಿನ ವ್ಯಾಪಾರಿ ಅಲ್ಲೇ ಬಂದು ಕೂತಿದ್ದನ್ನು ವಾಯ್ಸಿ ಅನ್ನುವ ಸರ್ಜನ್ ಬರೆದಿಟ್ಟ. ಅದು ಅಚ್ಚಾದದ್ದು 1832ರಲ್ಲಿ.

ಇಷ್ಟಾದರೂ ಅರ್ಧ ಕೆಲಸವೇ. ಈ ಉಕ್ಕಿನಲ್ಲಿ ಇಂಗಾಲ ಶೇಕಡ 1.5ರ ಸುಮಾರು, ಬಹಳ ಹೆಚ್ಚು. ಕಂಬಾರ ಜಾಸ್ತಿ ಕಾಯಿಸಿದರೆ ಸುತ್ತಿಗೆ ಏಟಿಗೆ ಪುಡಿಪುಡಿ, ಕಡಿಮೆ ಕಾಯಿಸಿದರೆ ಬಿರುಕು. ಮಂದ ಕೆಂಪಿನ ಸಣ್ಣ ಅಂತರದೊಳಗೆ ಹತ್ತಾರು ಸಲ ಕಾಯಿಸಿ ಬಡಿಯುತ್ತಾ ಹೋದಾಗ ಒಳಗಿನ ಗಡುಸು ಕಣಗಳು ಸಾಲುಗಟ್ಟುತ್ತವೆ. ಆಮೇಲೆ ಹುಳಿ ಬಳಿದರೆ ಮೆದು ಭಾಗ ಕಪ್ಪಾಗಿ ಗಡುಸು ಸಾಲು ಬೆಳ್ಳಗೆ ಉಳಿದು ನೀರಿನ ಗೆರೆ ಮೂಡುತ್ತೆ. ನಿಜವಾದ ಡಮಾಸ್ಕಸ್ ಗೆರೆ ಇದು. ಬೇರೆ ಬೇರೆ ಉಕ್ಕಿನ ಪಟ್ಟಿಗಳನ್ನು ಮಡಚಿ ಬೆಸೆದು ಮಾಡುವ ಗೆರೆ ಇನ್ನೊಂದು ಜಾತಿ, ಈಗ ಅಂಗಡಿಯಲ್ಲಿ ಸಿಗೋದು ಅದು, ಅಥವಾ ನಮ್ಮ ಹುಡುಗನ ಕಟಾನಾದ ಹಾಗೆ ಬರೀ ಅಚ್ಚು. 1990ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ವರ್ಹೋವನ್ ಮತ್ತು ಕಮ್ಮಾರ ಪೆಂಡ್ರೆ ವರ್ಷಗಟ್ಟಲೆ ಪ್ರಯೋಗ ಮಾಡಿ, ಅದಿರಿನಲ್ಲಿ ವೆನೇಡಿಯಂನಂಥ ಲೋಹ ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತ ಕಡಿಮೆ ಇದ್ದರೂ ಸಾಕು, ಆದರೆ ಪೂರಾ ಇಲ್ಲದಿದ್ದರೆ ಗೆರೆ ಸರಿಯಾಗಿ ಮೂಡೋದಿಲ್ಲ ಅಂತ ತೋರಿಸಿದರು. ಯಾವ ಗುಡ್ಡದ ಕಲ್ಲು ಅನ್ನೋದರಲ್ಲೇ ಅರ್ಧ ಗುಟ್ಟು. ಆ ಗುಡ್ಡದ ಅದಿರು ಮುಗಿದರೆ, ಮಗನಿಗೆ ಅಪ್ಪನ ಕೈಚಳಕವೆಲ್ಲ ಬಂದಿದ್ದರೂ ಗೆರೆ ಬಾರದು. ಪಾಪ, ಅವನು ತನ್ನದೇ ತಪ್ಪು ಅಂದುಕೊಂಡಿರಬೇಕು. 2006ರಲ್ಲಿ ಜರ್ಮನಿಯ ಪೌಫ್ಲರ್ ತಂಡ ಇಂಥ ಒಂದು ಹಳೆಯ ಅಲಗಿನಲ್ಲಿ ಕಾರ್ಬನ್ ನ್ಯಾನೋಟ್ಯೂಬ್ ಸಿಕ್ಕವು ಅಂದಿತು. ಅಂದಿನಿಂದ 'ನಮ್ಮ ಪೂರ್ವಜರಿಗೆ ನ್ಯಾನೋ ಟೆಕ್ನಾಲಜಿ ಗೊತ್ತಿತ್ತು' ಅನ್ನುವ ವಾಟ್ಸಾಪ್ ಮೆಸೇಜು ವರ್ಷಕ್ಕೆರಡು ಸಲ ನನಗೆ ಬರುತ್ತೆ. ಅವರಿಗೆ ಗೊತ್ತಿದ್ದದ್ದು ಬೆಂಕಿಯ ಬಣ್ಣ. ಅದು ಸಣ್ಣ ವಿದ್ಯೆಯಲ್ಲ, ಅದಕ್ಕೆ ನ್ಯಾನೋ ಬಾಲ ಕಟ್ಟುವ ಅಗತ್ಯವೂ ಇಲ್ಲ.

ಈ ವಿದ್ಯೆ ಹೇಗೆ ಹೋಯಿತು? ಇಂಗ್ಲೆಂಡಿನ ಕಾರ್ಖಾನೆಯ ಉಕ್ಕು ಅಗ್ಗವಾಗಿ ಬಂತು. ಇದ್ದಲಿಗೆ ಬೇಕಾದ ಕಾಡು ಸರ್ಕಾರದ್ದಾಯಿತು. ಕತ್ತಿ ಬೇಡುತ್ತಿದ್ದ ದರ್ಬಾರುಗಳು ಮುಳುಗಿದವು. 1878ರಲ್ಲಿ ಬ್ರಿಟಿಷರ ಆಯುಧ ಕಾಯಿದೆ ಬಂತು. ಅದಕ್ಕೆ ಬರೀ ಎರಡು ವರ್ಷ ಮುಂಚೆ, 1876ರಲ್ಲಿ, ಜಪಾನಿನ ಸರ್ಕಾರವೂ ಸಮುರಾಯಿಗಳು ಬೀದಿಯಲ್ಲಿ ಕತ್ತಿ ಕಟ್ಟಿಕೊಂಡು ಓಡಾಡಬಾರದು ಅಂತ ಆಜ್ಞೆ ಮಾಡಿತ್ತು. ಅಲ್ಲೂ ಕಮ್ಮಾರರು ಕಂಗಾಲಾದರು, ಅಡುಗೆಮನೆಯ ಚಾಕು ಮಾಡಿದರು. ಎರಡನೇ ಮಹಾಯುದ್ಧದ ನಂತರ ರಾಶಿ ರಾಶಿ ಕತ್ತಿ ಜಪ್ತಿಯಾದವು. ಆದರೂ ಕತ್ತಿ ಒಂದು ಕಲೆ ಅಂತ ಒಪ್ಪಿಸಿ, ಲೈಸೆನ್ಸ್ ಕೊಟ್ಟು, 1977ರಲ್ಲಿ ಶಿಮಾನೆಯಲ್ಲಿ ಕಬ್ಬಿಣದ ಮರಳು ಕರಗಿಸುವ ಹಳೆಯ ತಾತಾರಾ ಒಲೆಯನ್ನೇ ಮತ್ತೆ ಹೊತ್ತಿಸಿದರು. ಅಲ್ಲಿ ಅಲಗಿನ ಬುಡದಲ್ಲಿ ಕಮ್ಮಾರನ ಹೆಸರು ಕೊರೆದಿರುತ್ತೆ. ಏಳುನೂರು ವರ್ಷ ಹಿಂದಿನ ಮಾಸಾಮುನೆ ಯಾರು ಅಂತ ವಿಡಿಯೋ ಗೇಮ್ ಆಡುವ ಮಲ್ಲೇಶ್ವರದ ಹುಡುಗನಿಗೂ ಗೊತ್ತು. ನಮ್ಮ ಕಡೆ ಕತ್ತಿಯ ಮೇಲೆ ಯಜಮಾನನ ಹೆಸರು ಸಿಕ್ಕೀತು, ಮಾಡಿದ ಕಂಬಾರನ ಹೆಸರು ಸಿಗೋದು ತೀರಾ ಅಪರೂಪ. ಬ್ರಿಟಿಷರನ್ನಷ್ಟೇ ಬೈದು ಕೂತರೆ ಈ ಮಾತು ಮುಚ್ಚಿಹೋಗುತ್ತೆ ಅಂತ ನನ್ನ ಅನಿಸಿಕೆ. ತಿದಿ ಒತ್ತುವವನ ಹೆಸರು ಬರೆಯುವ ರೂಢಿ ಅದಕ್ಕೂ ಮುಂಚೆಯೇ ನಮ್ಮಲ್ಲಿರಲಿಲ್ಲ.

ಈಗ ನನ್ನ ಯೋಗ್ಯತೆಯ ವಿಷಯಕ್ಕೆ ಬರುತ್ತೇನೆ. ಮೊದಲ ಕೆಲಸ ಸಿಕ್ಕ ವರ್ಷ ದಸರೆಗೆ ಊರಿಗೆ ಹೋದವನು ಜಗಲಿಯ ಮೇಲಿನ ಖಂಡೆ ತುಕ್ಕು ಹಿಡಿದಿದೆ ಅಂತ ಅದನ್ನು ಗೋಣಿಚೀಲದಲ್ಲಿ ಸುತ್ತಿ ಪಟ್ಟಣದ ಒಂದು ಪಾಲಿಶ್ ಅಂಗಡಿಗೆ ಒಯ್ದೆ. ಬಫಿಂಗ್ ಮಾಡಿ ನಿಕಲ್ ಹಾಕಿಸಿದೆ. ಕನ್ನಡಿ ಹಾಗೆ ಹೊಳೆಯಿತು. ಅಜ್ಜ ಆಗಲೇ ತೀರಿಕೊಂಡಿದ್ದರು. ಮಾಮ ಮಾತ್ರ ತಿರುಗಿಸಿ ಮುರುಗಿಸಿ ನೋಡಿ, "ಭಾಳ ಚೊಲೋ ಆಗೇದಲೇ ತಮ್ಮಾ. ಆದ್ರ ಇದು ನಮ್ಮದ ಏನು?" ಅಂದಿದ್ದರು. ನಾನು ನಕ್ಕಿದ್ದೆ.

ನಾಲ್ಕೈದು ವರ್ಷದ ಮೇಲೆ ಇದನ್ನೆಲ್ಲ ಓದುತ್ತಾ ಕೂತಾಗ ನಿಂಬೆಹಣ್ಣು ನೆನಪಾಯಿತು. ನಿಂಬೆಹುಳಿ ಅಂದರೆ ಆಸಿಡ್ಡು. ಮಾನೌಮಿ ಮಾನೌಮಿಗೂ ಗೊತ್ತಿಲ್ಲದೆಯೇ ಅಜ್ಜ ಆ ಅಲಗಿಗೆ ಬೇಕಾದ ಉಪಚಾರವನ್ನೇ ಮಾಡುತ್ತಿದ್ದರು. ನಾನು ನೋಡಿದ್ದು ನಿಜವಾಗಿ ಆ ಗೆರೆಗಳೋ, ಅಥವಾ ಓದಿದ ಮೇಲೆ ನನ್ನ ತಲೆ ಹಿಂದಕ್ಕೆ ಹೋಗಿ ಬರೆದುಕೊಂಡ ಗೆರೆಗಳೋ? ಮ್ಯೂಸಿಯಮ್ಮಿನಲ್ಲಿ ಲೋಹದ ಕೆಲಸ ಮಾಡುವ ಪರಿಚಯದವರೊಬ್ಬರನ್ನು ಕೇಳಿದೆ. ಬಫಿಂಗಿನಲ್ಲಿ ಮೇಲಿನ ಪದರ ಹೋಗಿರುತ್ತೆ, ಆದರೆ ಗೆರೆ ಇದ್ದರೆ ಅದು ಮೇಲಿನ ಬಣ್ಣವಲ್ಲ, ಒಳಗಿನ ಕಟ್ಟು, ಜೋರಾಗಿ ಕಾಯಿಸದಿದ್ದರೆ ಸಾಯೋದಿಲ್ಲ, ನಿಕಲ್ ತೆಗೆಸಿ ಹುಳಿ ಹಚ್ಚಿದರೆ ಗೊತ್ತಾಗುತ್ತೆ ಅಂದರು. ಅಂಗಡಿಯವನು ಹಿಡಿ ಅಲ್ಲಾಡುತ್ತಿದೆ ಅಂತ ಬುಡದಲ್ಲಿ ವೆಲ್ಡಿಂಗ್ ಬೇರೆ ಮಾಡಿದ್ದ. ಅದನ್ನು ಅವರಿಗೆ ಹೇಳಲು ನಾಚಿಕೆಯಾಯಿತು, ಆದರೂ ಹೇಳಿದೆ. ಬುಡದ ಹತ್ತಿರ ಹೋಯಿತು ಅಂದುಕೊಳ್ಳಿ, ತುದಿಯ ಕಡೆ ನೋಡಿ ಅಂದರು.

ಮಾಮನಿಗೆ ಫೋನ್ ಮಾಡಿ ನಿಕಲ್ ತೆಗೆಸೋಣ ಅಂದರೆ ಅವರು ಒಪ್ಪಲಿಲ್ಲ. "ಒಮ್ಮೆ ಅಂಗಡಿಗೆ ಕೊಟ್ಟಿದ್ದು ಸಾಕು. ಅದು ದೇವರ ಖಂಡೆ, ನಿನ್ನ ಮೊಬೈಲ್ ಏನು, ವರ್ಷಾ ವರ್ಷಾ ಬಿಚ್ಚಾಕ?" ಅಂದರು. ಅವರ ಮಾತಲ್ಲೂ ನ್ಯಾಯ ಇದೆ. ಅಲಗಿನೊಳಗೆ ಏನಿದೆ ಅನ್ನೋದು ನನಗೆ ಬೇಕು. ಅವರಿಗೆ ಬೇಕಾದದ್ದು ಅಲಗು ಜಗಲಿಯ ಮೇಲಿರೋದು.

ಈ ಸಲ ಮಾನೌಮಿಗೆ ಆಫೀಸಿನ ಪೂಜೆ ಬಿಟ್ಟು ಊರಿಗೆ ಹೋದೆ. ಸ್ನಾನ ಮುಗಿಸಿ ಬಂದು ನೋಡಿದರೆ ಖಂಡೆಯ ತುದಿಯಲ್ಲಿ, ವರ್ಷಾ ವರ್ಷಾ ನಿಂಬೆಹಣ್ಣು ಚುಚ್ಚುವ ಜಾಗದಲ್ಲಿ, ನಿಕಲ್ ಹಪ್ಪಳದ ಹಾಗೆ ಎದ್ದು ಬಂದಿತ್ತು. ಹೆಬ್ಬೆರಳಿನ ಉಗುರಿನಷ್ಟು ಜಾಗ. ಮಾಮ ವಿಭೂತಿ ಹಚ್ಚಿ, ಕುಂಕುಮ ಇಟ್ಟು, ಹಣ್ಣು ಚುಚ್ಚಿದರು. ರಸ ಇಳಿಯಿತು. ಮಂಗಳಾರತಿ ಮುಗಿದು, ಹೋಳಿಗೆ ಊಟ ಮುಗಿದು, ಸಂಜೆ ಬನ್ನಿ ತರುವವರೆಲ್ಲ ಹೊರಟ ಮೇಲೆ ಮೊಬೈಲ್ ಟಾರ್ಚ್ ಹಿಡಿದು ಬಗ್ಗಿ ನೋಡಿದೆ. ಆ ಜಾಗ ಕಪ್ಪಾಗುತ್ತಾ ಬಂದಿತ್ತು. ಒಳಗೆ ಏನೋ ಇದೆಯೋ, ಗೀರೋ, ತುಕ್ಕೋ, ಹೇಳಲಾರೆ. ಅಷ್ಟರಲ್ಲಿ ಮಾಮ ಒರೆಸಲು ಒದ್ದೆ ಬಟ್ಟೆ ತಂದರು.

"ಇವತ್ತೊಂದಿನ ಇರ್ಲಿ ಬಿಡ್ರಿ ಮಾಮಾ," ಅಂದೆ.

ಅವರು ನನ್ನನ್ನೊಮ್ಮೆ ನೋಡಿ, ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು, ದೀಪಕ್ಕೆ ಎಣ್ಣೆ ಹಾಕಲು ಹೋದರು.